ಎಕ್ಸೆಲ್ ಶೀಟಿನಲ್ಲಿ ಮರೆತ ಒಂದು ಕಾಲಮ್

ಹೋದ ವರ್ಷ ಒಂದು ಶುಕ್ರವಾರ, ದೋಹಾದ ನನ್ನ ರೂಮಿನಲ್ಲಿ ತಡವಾಗಿ ಎದ್ದು ಕಾಫಿ ಕುಡೀತಿದ್ದೆ. ಊರಿಂದ ಚಿಕ್ಕಪ್ಪನ ಮಗನ ವಾಯ್ಸ್ ಮೆಸೇಜ್ ಬಂತು. "ಅಣ್ಣ, ಎಲ್ಲಿಗ್ ಹೋಪ್ದ್ ಒಳ್ಳೇದ್? ಕುವೈತಿಗಾ, ದೋಹಾಕ್ಕಾ?"

ಅವನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ಏಜೆಂಟ್ ಎರಡು ಆಫರ್ ಕೊಟ್ಟಿದ್ದ. ಕುವೈತ್‌ನಲ್ಲಿ 85 ದಿನಾರ್, ರೂಮ್ ಕಂಪನಿಯದ್ದು. ದೋಹಾದಲ್ಲಿ 1,300 ರಿಯಾಲ್, ರೂಮು ಊಟ ಸ್ವಂತದ್ದು. ನಾನೋ ಸಾಫ್ಟ್‌ವೇರ್ ಇಂಜಿನಿಯರ್. ಯಾರು ಏನು ಕೇಳಿದ್ರೂ ಮೊದಲು ಎಕ್ಸೆಲ್ ಶೀಟ್ ತೆಗೆಯೋ ಜಾತಿ. ಕೊಲ್ಲಿ ದೇಶಗಳ ಕನಿಷ್ಠ ವೇತನ ಎಲ್ಲ ಹಾಕಿ, ಡಾಲರ್‌ಗೆ ಬದಲಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ.

ಸೌದಿ ಮೇಲೆ ಬಂತು: 4,000 ರಿಯಾಲ್, ಅಂದ್ರೆ ಸುಮಾರು 1,067 ಡಾಲರ್. ನಂತರ ಒಮಾನ್: 325 ರಿಯಾಲ್, ಸುಮಾರು 845 ಡಾಲರ್. ಕತಾರ್ 1,000 ರಿಯಾಲ್, 275 ಡಾಲರ್. ಕುವೈತ್ 75 ದಿನಾರ್, ಹತ್ತಿರ ಹತ್ತಿರ 245 ಡಾಲರ್. "ಎರಡೂ ಬೇಡ, ಸೌದಿಗೆ ಹೋಗು" ಅಂತ ಟೈಪ್ ಮಾಡಿಯೂ ಬಿಟ್ಟಿದ್ದೆ. ಕಳಿಸೋ ಮೊದಲು ಯಾಕೋ ಸಣ್ಣ ಅಕ್ಷರದ್ದನ್ನು ಓದಿದೆ.

ಸೌದಿಯ ಆ 4,000 ಸೌದಿ ಪ್ರಜೆಗಳಿಗೆ ಮಾತ್ರ. ಕಂಪನಿಯ ಸ್ಥಳೀಯರ ಕೋಟಾದಲ್ಲಿ ಒಬ್ಬ ಪೂರ್ತಿ ನೌಕರ ಅಂತ ಲೆಕ್ಕಕ್ಕೆ ಬರೋಕೆ ಬೇಕಾದ ಸಂಬಳ ಅದು. ಒಮಾನ್‌ನ 325 ಒಮಾನಿಗಳಿಗೆ. ಯುಎಇ, ಬಹರೇನ್‌ನಲ್ಲಿ ನಮ್ಮಂಥ ಹೊರಗಿನವರಿಗೆ ಅನ್ವಯಿಸುವ ಕನಿಷ್ಠ ಮೊತ್ತವೇ ಕಾನೂನಿನಲ್ಲಿಲ್ಲ. ನನ್ನ ಶೀಟಿನಲ್ಲಿ ದೇಶ, ಹಣ, ವರ್ಷ ಎಲ್ಲ ಇತ್ತು. 'ಯಾರಿಗೆ' ಅನ್ನೋ ಕಾಲಮ್ ಇರಲಿಲ್ಲ.

ಅದನ್ನು ಸೇರಿಸಿದ ಮೇಲೆ ಉಳಿದದ್ದು ಅವನು ಕೇಳಿದ್ದ ಎರಡೇ ದೇಶ. ಕುವೈತ್ ಖಾಸಗಿ ವಲಯದ ಕನಿಷ್ಠ ವೇತನವನ್ನು 2017ರಲ್ಲಿ 60ರಿಂದ 75 ದಿನಾರ್‌ಗೆ ಏರಿಸಿತ್ತು. ಕತಾರ್‌ನ ನಿಯಮ 2021ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಯಾವ ದೇಶದವರಾದ್ರೂ, ಮನೆಗೆಲಸದವರಾದ್ರೂ ಒಂದೇ ಲೆಕ್ಕ: ಮೂಲ ವೇತನ 1,000 ರಿಯಾಲ್. ಕಂಪನಿ ವಸತಿ ಕೊಡದಿದ್ರೆ ಇನ್ನೂ 500, ಊಟ ಕೊಡದಿದ್ರೆ 300.

ಒಟ್ಟು 1,800. ತಮ್ಮನ ಆಫರ್ 1,300.

ನೋಡೋಕೆ ಕುವೈತ್‌ಗಿಂತ ದೊಡ್ಡದಾಗಿ ಕಂಡ ಆಫರ್ ಕಾನೂನಿಗಿಂತ 500 ರಿಯಾಲ್ ಕಡಿಮೆ ಇತ್ತು! ಇಷ್ಟು ಸಾಲದು ಅಂತ ಏಜೆಂಟ್ 1.2 ಲಕ್ಷ ರೂಪಾಯಿ ಕೇಳಿದ್ದ. ನಮ್ಮ ದೇಶದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮೀರಿ ತೆಗೆದುಕೊಳ್ಳುವ ಹಾಗಿಲ್ಲ. ನೋಂದಣಿ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಫೋನಿನಲ್ಲೇ ನೋಡಬಹುದು. ನೀವೂ ಊರಿನ ಹುಡುಗರಿಗೆ ಇದೊಂದು ಹೇಳಿಡಿ.

ಅವತ್ತು ಸಂಜೆ ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ಶೀಟ್ ತೋರಿಸಿದೆ. ಅಪ್ಪ ಕುವೈತ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಡ್ರೈವರ್ ಆಗಿದ್ದವರು. ನನ್ನ ಇಂಜಿನಿಯರಿಂಗ್ ಫೀಸು ಬಂದದ್ದು ಆ ಸ್ಟೀರಿಂಗ್‌ನಿಂದ. "ಅಪ್ಪ, ನೀವು ಹೋದಾಗ ಸಂಬಳ ಎಷ್ಟಿತ್ತು?" ಅಂತ ಜೀವನದಲ್ಲಿ ಮೊದಲ ಸಲ ಕೇಳಿದೆ.

"ನಲವತ್ತ್ ದಿನಾರ್ ಅಂದಿದ್ರ್. ಮೊದಲ್ನೇ ನಾಲ್ಕ್ ತಿಂಗ್ಳ್ ಒಂದ್ ಫಿಲ್ಸೂ ಬರ್ಲಿಲ್ಲ" ಅಂದ್ರು. ಆಮೇಲೆ ನನ್ನ ಶೀಟ್ ನೋಡಿ, "ಎಷ್ಟ್ ಅಂತ ಆಮೇಲ್ ಕೇಣ್. ತಿಂಗ್ಳ್ ತಿಂಗ್ಳ್ ಸಂಬ್ಳ ಬತ್ತಾ ಅಂದ್ ಮೊದ್ಲ್ ಕೇಣ್."

ಆ ನಾಲ್ಕು ತಿಂಗಳು ಅಮ್ಮ ಮನೆ ಹೇಗೆ ನಡೆಸಿದ್ರೋ, ನನಗೆ ಇವತ್ತಿಗೂ ಕೇಳುವ ಧೈರ್ಯ ಬಂದಿಲ್ಲ. ಈಗ ಕತಾರ್‌ನಲ್ಲಿ ಸಂಬಳ ಬ್ಯಾಂಕ್ ಮೂಲಕವೇ ಹಾಕಬೇಕು, ಹಾಕದಿದ್ರೆ ಸರ್ಕಾರಕ್ಕೆ ಗೊತ್ತಾಗುವ ವ್ಯವಸ್ಥೆ ಇದೆ. ಶೀಟಿಗೆ ಅದನ್ನೂ ಒಂದು ಕಾಲಮ್ ಮಾಡಿದೆ.

ತಮ್ಮ ನನ್ನ ಮಾತು ಕೇಳಿ ಏಜೆಂಟ್‌ಗೆ 1,800ರ ವಿಷಯ ಕೇಳಿದ. ಅವತ್ತಿನಿಂದ ಏಜೆಂಟ್ ಫೋನ್ ಎತ್ತಿಲ್ಲ. ಕುವೈತ್ ಆಫರೂ ಅವನ ಜೊತೆಗೇ ಹೋಯಿತು. ತಮ್ಮ ಈಗಲೂ ಕುಂದಾಪುರದಲ್ಲಿ ಮನೆಗಳಿಗೆ ವೈರಿಂಗ್ ಮಾಡ್ತಿದ್ದಾನೆ. ಮಳೆಗಾಲದಲ್ಲಿ ಕೆಲಸ ಕಡಿಮೆ. ಚಿಕ್ಕಮ್ಮ ಫೋನಿನಲ್ಲಿ ನನ್ನ ಜೊತೆ ಮೊದಲಿನ ಹಾಗೆ ಮಾತಾಡಲ್ಲ.

ಆ 1,300ರ ಕೆಲಸಕ್ಕೆ ಪಕ್ಕದೂರಿನ ಇನ್ನೊಬ್ಬ ಹುಡುಗ ಬಂದಿದ್ದಾನಂತೆ, ಇದೇ ದೋಹಾಕ್ಕೆ. ತಮ್ಮನ ಹತ್ತಿರ ನಂಬರ್ ಇಸ್ಕೊಂಡಿದ್ದೀನಿ. ಈ ಶುಕ್ರವಾರ ಅವನನ್ನು ಊಟಕ್ಕೆ ಕರೆದಿದ್ದೀನಿ. ಶೀಟ್ ತೋರಿಸಬೇಕು. ಆದ್ರೆ ಮೊದಲು ಅಪ್ಪನ ಪ್ರಶ್ನೆ ಕೇಳ್ತೀನಿ.