ನಾಲೆಯ ಆಚೆ ಈಚೆ ಬಸುರಿಯ ಊಟ

ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ರಂಗನಾಥನ ಗುಡಿ ನೋಡಿ ಮುಗಿಸಿದ ಪ್ರವಾಸಿಗರು ಸಾಮಾನ್ಯವಾಗಿ ಮೈಸೂರಿನ ಬಸ್ಸು ಹತ್ತುತ್ತಾರೆ. ಉತ್ತರಕ್ಕೆ ಪಾಂಡವಪುರ, ನಾಗಮಂಗಲದ ಕಡೆ ಹೊರಡುವವರು ಬಹುಮಟ್ಟಿಗೆ ಆ ಕಡೆಯ ಊರಿನವರೇ. ಆದರೆ ಮಂಡ್ಯ ಜಿಲ್ಲೆಯ ಜನ ಏನು ಉಣ್ಣುತ್ತಾರೆ, ಯಾಕೆ ಹಾಗೆ ಉಣ್ಣುತ್ತಾರೆ ಎಂದು ತಿಳಿಯಬೇಕಾದವರು ಈ ದಾರಿಯನ್ನೇ ಹಿಡಿಯಬೇಕು.

ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇದೆ, ವಿರಿಜಾ ನಾಲೆ ಇದೆ. ಕನ್ನಂಬಾಡಿ ಕಟ್ಟೆ 1932ರಲ್ಲಿ ಮುಗಿದು ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಹೊಲಗಳು ಗದ್ದೆಗಳಾದವು, ಆಲೆಮನೆಗಳ ಹೊಗೆ ಎದ್ದಿತು. ಒಂದು ಕಾಲಕ್ಕೆ ಹಿರೋಡೆ, ಫ್ರೆಂಚ್ ರಾಕ್ಸ್ ಎಂದೆಲ್ಲ ಕರೆಸಿಕೊಂಡ ಪಾಂಡವಪುರವನ್ನು ದಾಟಿ ಜಕ್ಕನಹಳ್ಳಿಯ ಕಡೆ ಏರುತ್ತ ಹೋದಂತೆ ಹಸಿರು ತೆಳುವಾಗುತ್ತದೆ. ನಾಗಮಂಗಲ ಮುಗಿಲು ನೋಡುವ ತಾಲ್ಲೂಕು. ರಾಗಿ, ಹುರುಳಿ, ಅವರೆ, ತೆಂಗು. ಕೃಷ್ಣರಾಜಪೇಟೆಗೆ ಹೇಮಾವತಿ ಇದೆ, ಮಂದಗೆರೆಯ ಅಣೆಕಟ್ಟು ಇದೆ. ಅರ್ಧ ನೀರು, ಅರ್ಧ ಬೆದ್ದಲು. ತಟ್ಟೆಯೂ ಹಾಗೆಯೇ ಬದಲಾಗುತ್ತದೆ. ನಾಲೆಯ ಕೆಳಗೆ ಅನ್ನದ ಗುಡ್ಡೆ ದೊಡ್ಡದು, ಮೇಲೆ ಮುದ್ದೆ ದೊಡ್ಡದು.

ಬಸುರಿ ಉಂಡದ್ದು ಹುಟ್ಟುವ ಕೂಸಿನ ತೂಕಕ್ಕೆ ಸೇರುತ್ತದೆ ಎಂಬುದು ಅಜ್ಜಿಯರಿಗೂ ಗೊತ್ತು. ಅದೇ ಊಟ ಆ ಕೂಸಿನ ಐವತ್ತನೇ ವಯಸ್ಸಿನ ಹೃದಯಕ್ಕೂ ಸಂಬಂಧಪಟ್ಟದ್ದೆಂಬ ಮಾತು ಹೊಸದು. ಅದಕ್ಕೆ ಭಾರತದಿಂದ ಮೊದಲ ಸಾಕ್ಷ್ಯ ಒದಗಿಸಿದ ಜಾಗಗಳಲ್ಲೊಂದು ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರಿನಷ್ಟೇ ದೂರದ, ಮೈಸೂರು ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ದಾಖಲೆಗೆ ಸೇರಿಸುತ್ತಿದ್ದರು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ಮಂಡ್ಯ ಜಿಲ್ಲೆ ಹುಟ್ಟಿದ್ದು 1939ರಲ್ಲಿ. ಅದಕ್ಕೆ ಮುಂಚೆ ಈ ನಾಲ್ಕೂ ತಾಲ್ಲೂಕು ಮೈಸೂರು ಜಿಲ್ಲೆಯವೇ.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ತಮ್ಮ ದೇಶದ ಹಳೆಯ ಹೆರಿಗೆ ದಾಖಲೆಗಳನ್ನು ಕೆದಕಿ, ಕಡಿಮೆ ತೂಕದಲ್ಲಿ ಹುಟ್ಟಿದವರೇ ಮುಂದೆ ಹೃದ್ರೋಗದಿಂದ ಹೆಚ್ಚು ಸಾಯುತ್ತಾರೆಂದು 1989ರಲ್ಲಿ ತೋರಿಸಿದ್ದರು. ಹಲವರು ನಂಬಲಿಲ್ಲ. ಆ ಬಳಿಕ ಅವರ ತಂಡದ ಕ್ಯಾರೊಲಿನ್ ಫಾಲ್ ಮತ್ತಿತರರು ಮೈಸೂರಿನ ವೈದ್ಯರ ಜೊತೆಗೂಡಿ, 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿ, 517 ಮಂದಿಯನ್ನು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3. ಕೂಸೂ ಚಿಕ್ಕದು, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂಬಂಥವರಲ್ಲಿ ಅದು ನೂರಕ್ಕೆ 20!

ಕಾರಣ ಊಹಿಸುವುದು ಕಷ್ಟವಲ್ಲ. ಗರ್ಭದಲ್ಲಿ ಸಾಲದಾದಾಗ ಕೂಸು ಇದ್ದುದನ್ನು ಮೊದಲು ಮಿದುಳಿಗೆ ಕೊಡುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಸ್ನಾಯುಗಳಿಗೆ ಉಳಿದಷ್ಟು. ಮೂತ್ರಪಿಂಡದ ಸೋಸುವ ಘಟಕಗಳೆಲ್ಲ ಹುಟ್ಟುವ ಹೊತ್ತಿಗೆ ಆಗಿಹೋಗಿರುತ್ತವೆ. ಆಮೇಲೆ ಎಷ್ಟು ತುಪ್ಪ ತಿನ್ನಿಸಿದರೂ ಅವು ಹೊಸದಾಗಿ ಹುಟ್ಟುವುದಿಲ್ಲ.

ಹಾಗಾದರೆ ಕೂಸು ದಪ್ಪಗಿದ್ದರೆ ಆಯಿತಲ್ಲ? ಅದೂ ಅಲ್ಲ. ಅದೇ ದಾಖಲೆಗಳಿಂದ 1998ರಲ್ಲಿ ಬಂದ ವರದಿಯ ಪ್ರಕಾರ, ಸಕ್ಕರೆ ಕಾಯಿಲೆ ಹೆಚ್ಚಾಗಿದ್ದುದು ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಮೀರಿ ದಪ್ಪಗಿದ್ದವರಲ್ಲಿ. ಅವರ ತಾಯಂದಿರೂ ತೂಕದವರು. ಬಸುರಿನಲ್ಲೇ ತಾಯಿಗೆ ಸಕ್ಕರೆ ಏರಿದ್ದಿರಬಹುದೆಂದು ಸಂಶೋಧಕರ ಗುಮಾನಿ. ಅದಕ್ಕಾಗಿ 1997-98ರಲ್ಲಿ ಅದೇ ಆಸ್ಪತ್ರೆಯ 830 ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷವರ್ಷವೂ ಹಿಂಬಾಲಿಸತೊಡಗಿದರು. ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು ಹತ್ತನೇ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು. ಇನ್ನೊಂದು ಸಂಗತಿ ಬಸುರಿಯರ ರಕ್ತದಲ್ಲೇ ಇತ್ತು: ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವ ಕಡಿಮೆ; ಫೋಲೇಟ್ ಕೊರತೆ ಮಾತ್ರ ನೂರಕ್ಕೆ 4ರಷ್ಟು. ಬಿ12 ಕಡಿಮೆ ಇದ್ದವರಲ್ಲಿ ಬಸುರಿನ ಸಕ್ಕರೆ ಹೆಚ್ಚು.

ಈ ಅಂಕಿಗಳನ್ನು ಹಿಡಿದುಕೊಂಡು ಮತ್ತೆ ನಾಗಮಂಗಲದ ಅಡುಗೆಮನೆಗೆ ಬರಬಹುದು. ಮುದ್ದೆ, ಬಸ್ಸಾರು, ಉಪ್ಪೆಸರು, ಮಸೊಪ್ಪು ಎಲ್ಲ ಬಡವರ ಊಟವೆಂದು ಹಳಿಸಿಕೊಂಡವು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶ. ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿಗಳೊಡನೆ ಕೂಡಿಸಿ ತಂದ ಇಂಡಾಫ್ ರಾಗಿ ಈ ಬೆದ್ದಲು ಸೀಮೆಯ ಕಣಗಳನ್ನು ತುಂಬಿಸಿತು. ಮೊಳಕೆ ಕಟ್ಟಿ ಬೀಸಿದ ರಾಗಿಯ ಸರಿ ಆರು ತಿಂಗಳು ತುಂಬಿದ ಕೂಸಿಗೆ ಒಳ್ಳೆಯ ಮೊದಲ ಊಟ.

ಆದರೆ ರಾಗಿಯಲ್ಲಾಗಲಿ ಸೊಪ್ಪಿನಲ್ಲಾಗಲಿ ಬಿ12 ಇಲ್ಲ. ಅದು ಬರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಹಾಲಿಗೇನು ಬರ? ಬೆಳಗಾದರೆ ಹಳ್ಳಿಹಳ್ಳಿಯ ಡೇರಿಯ ಮುಂದೆ ಕ್ಯಾನುಗಳ ಸಾಲು. ಕರೆದದ್ದೆಲ್ಲ ಡೇರಿಗೆ ಹೋಗಿ, ಮನೆಯ ಬಸುರಿ ಸೊಸೆಗೆ ಉಳಿಯುವುದು ಎಷ್ಟೋ ಮನೆಗಳಲ್ಲಿ ಟೀಗೆ ಬೆರೆಸುವಷ್ಟು ಮಾತ್ರ. ಊಟದ ಜೊತೆಗೇ ಕುಡಿದರೆ ಆ ಟೀ ಕಬ್ಬಿಣದ ಅಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ಇದರ ಮೇಲೆ ಅತ್ತೆಯ ಬುದ್ಧಿಮಾತು ಬೇರೆ: “ಕಮ್ಮಿ ಉಣ್ಣವ್ವ, ಕೂಸು ದಪ್ಪ ಆದ್ರೆ ಹೆರಿಗೆ ಕಷ್ಟ ಆಯ್ತದೆ.” ಮಾತಿನಲ್ಲಿ ಪ್ರೀತಿ ಇದೆ, ಆಸ್ಪತ್ರೆ ದೂರವಿದ್ದ ಕಾಲದ ಹೆದರಿಕೆಯೂ ಇದೆ. ಇವತ್ತು ಅದನ್ನು ಕೇಳಬೇಕಾಗಿಲ್ಲ.

ಸರ್ಕಾರದ ಕೈಯೂ ಈ ತಟ್ಟೆಯ ಮೇಲಿದೆ. ರಾಜ್ಯದ ಮೊದಲ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ತೆರೆದದ್ದು ಮೈಸೂರಿಗೆ ಸಮೀಪದ ತಿ. ನರಸೀಪುರ ತಾಲ್ಲೂಕಿನಲ್ಲಿ. 2017ರ ಅದೇ ದಿನ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಹಾಲು, ಮೊಟ್ಟೆ ಕೊಡಲು ಹೊರಟಿತು. ಅಲ್ಲೇ ಕೂತು ಉಣ್ಣಬೇಕೆಂದದ್ದು ಜಾಣತನ. ಮನೆಗೆ ಒಯ್ದ ಮೊಟ್ಟೆ ಯಾರ ಬಾಯಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಕಬ್ಬಿನ ಕಳೆಗೆ ಹೋದವಳು ನಡುಮಧ್ಯಾಹ್ನ ಅಂಗನವಾಡಿಗೆ ಹೇಗೆ ಬರಬೇಕೆಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ನೋಡಿಕೊಂಡು ಕೃಷ್ಣರಾಜಪೇಟೆಯ ಬಸ್ ನಿಲ್ದಾಣಕ್ಕೆ ಬಂದರೆ, ಸಂಜೆಯ ಹೊತ್ತು ಹಳ್ಳಿಗಳಿಗೆ ಮರಳುವ ಹೈಸ್ಕೂಲು ಹುಡುಗಿಯರ ಗುಂಪು. ಬೆಳಗಿನ ಬಸ್ಸಿಗೆ ಓಡುವ ಅವಸರದಲ್ಲಿ ಉಣ್ಣದೆ ಬಂದವರು, ಬೇಕರಿಯ ಪಫ್ಸಿನಲ್ಲಿ ಹಸಿವು ತೀರಿಸಿಕೊಂಡವರು ಅದರಲ್ಲಿ ಇರುತ್ತಾರೆ. ಮೈಸೂರಿನ ದಾಖಲೆಯಲ್ಲಿ 45 ಕಿಲೋ ಇಲ್ಲದ ತಾಯಿ ಬಸುರಿಯಾದ ದಿನ ಬಡಕಲಾದವಳಲ್ಲ; ಹನ್ನೆರಡು ಹದಿಮೂರನೇ ವಯಸ್ಸಿನಲ್ಲೇ ಆಕೆಯ ತಟ್ಟೆ ಚಿಕ್ಕದಾಗಿದ್ದಿರಬೇಕು. ಭಾರತ, ಚೀನಾ, ಕೆನಡಾ, ದಕ್ಷಿಣ ಆಫ್ರಿಕಾ ಸೇರಿ ಕೈಗೊಂಡ ‘ಹೆಲ್ಟಿ’ ಅಧ್ಯಯನ ಮೈಸೂರು ಸುತ್ತಿನ ಹಳ್ಳಿಗಳಲ್ಲಿ ಹೆಂಗಸರು ಬಸುರಾಗುವುದಕ್ಕೂ ಮುಂಚಿನಿಂದಲೇ ಶುರುವಾಗುವುದು ಇದೇ ಕಾರಣಕ್ಕೆ. ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುವ ಏರ್ಪಾಡು ಇದೆ. ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಕ್ಕಳು ಮುಂದಿನ ವಾರ ಉಗಿದುಬಿಡುತ್ತಾರೆ; ಅದಕ್ಕೇ ಅದನ್ನು ಮಧ್ಯಾಹ್ನದ ಊಟವಾದ ಮೇಲೆ ಕೊಡಬೇಕೆಂಬ ನಿಯಮ.