ಪಟ್ಟಿಯಲ್ಲಿಲ್ಲದ ಯಂತ್ರಗಳು

ಕೆ. ಹೊಸಕೋಟೆ ಹೋಬಳಿಯ ನಮ್ಮ ಕಡೆಗೆ ಹೊಸ ಕಂಪ್ಯೂಟರ್ ಬಂದದ್ದು ಅಪರೂಪ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ಬಳಸಿ ಬಿಟ್ಟದ್ದು, ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು, ಯಾವುದೋ ಆಫೀಸು ಲಾಟಿನಲ್ಲಿ ಮಾರಿದ್ದು, ಇಂಥವೇ ಹೆಚ್ಚು. ಕಾಫಿಗೆ ಒಳ್ಳೆಯ ರೇಟು ಸಿಕ್ಕ ವರ್ಷವೂ ತೋಟದವರ ದುಡ್ಡು ಜೀಪಿಗೆ, ಕಣಕ್ಕೆ, ಮಗಳ ಮದುವೆಗೆ ಹೋಗುತ್ತಿತ್ತೇ ಹೊರತು ಕಂಪ್ಯೂಟರಿನವರೆಗೆ ಬರುತ್ತಿರಲಿಲ್ಲ. ಹೀಗೆ ಕೈಯಿಂದ ಕೈಗೆ ಬಂದ ಯಂತ್ರಕ್ಕೆ ಮೊದಲು ಬೇಕಾದದ್ದು ‘ವಿಂಡೋಸ್ ಹಾಕಿಕೊಡುವ’ ಒಬ್ಬ ಹುಡುಗ. ಸುಮಾರು ವರ್ಷ ಆ ಹುಡುಗ ನಾನಾಗಿದ್ದೆ.

ವಿಂಡೋಸ್ ಎಕ್ಸ್‌ಪಿ ಬಿಡುಗಡೆಯಾದದ್ದು 2001ರ ಅಕ್ಟೋಬರ್‌ನಲ್ಲಿ. ನಮ್ಮ ಊರು ತಲುಪುವ ಹೊತ್ತಿಗೆ ಅದು ಹಾಸನದಲ್ಲಿ ಬರೆಸಿದ ಸಿ.ಡಿ.ಯಾಗಿತ್ತು. ಮೇಲೆ ಮಾರ್ಕರ್‌ನಲ್ಲಿ ಗೀಚಿದ ಇಪ್ಪತ್ತೈದು ಅಕ್ಷರದ ಕೀ. ಅದು ಯಾರ ಹೆಸರಿನ ಕೀ, ಎಷ್ಟು ಜನ ಬಳಸಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಡಿಲೀಟ್ ಒತ್ತಿ ಬಯೋಸ್‌ಗೆ ಹೋಗಿ, ಹಾರ್ಡ್‌ಡಿಸ್ಕ್‌ಗಿಂತ ಮೊದಲು ಸಿ.ಡಿ. ಡ್ರೈವ್ ನೋಡು ಎಂದು ಹೇಳಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಮಳೆಗಾಲಕ್ಕೆ ಸೇರಿದ್ದು. ಜಡಿಮಳೆಯ ತಿಂಗಳುಗಳಲ್ಲಿ ಸಿ.ಡಿ.ಗೆ ಬೂಷ್ಟು ಹಿಡಿಯುತ್ತಿತ್ತು, ರ‍್ಯಾಮಿನ ಹಲ್ಲುಗಳು ಕಪ್ಪಾಗುತ್ತಿದ್ದವು. ಶಾಲೆ ಮಕ್ಕಳ ರಬ್ಬರಿನಿಂದ ಅವನ್ನು ಉಜ್ಜಿದರೆ ಸತ್ತಿದೆ ಎಂದುಕೊಂಡಿದ್ದ ಯಂತ್ರ ಪೀಂ ಎಂದು ಏಳುತ್ತಿತ್ತು. ‘ಇನ್ನು 39 ನಿಮಿಷ’ ಎಂದು ತೆರೆಯ ಮೇಲೆ ಬಂದ ಮೇಲೆ ಕರೆಂಟು ಹೋದರೂ ಚಿಂತೆಯಿರಲಿಲ್ಲ, ವಾಪಸ್ ಬಂದಾಗ ಆ ಘಟ್ಟದಿಂದಲೇ ಶುರುವಾಗುತ್ತಿತ್ತು. ಅದಕ್ಕೂ ಮುಂಚೆ, ನೀಲಿ ಪರದೆಯಲ್ಲಿ ಫೈಲುಗಳು ನಕಲಾಗುವಾಗ ಹೋದರೆ ಮಾತ್ರ ಎಲ್ಲಾ ಮೊದಲಿನಿಂದ.

ಎಕ್ಸ್‌ಪಿ ಕನಿಷ್ಠ 64 ಎಂ.ಬಿ. ರ‍್ಯಾಮ್, 233 ಮೆಗಾಹರ್ಟ್ಸ್ ಪ್ರೊಸೆಸರ್ ಕೇಳುತ್ತಿತ್ತು. ಅಷ್ಟಿದ್ದರೆ ಸಾಕು, ಕುಂಟುತ್ತಲಾದರೂ ಓಡುತ್ತಿತ್ತು. ಯಾವ ಚಿಪ್ಪು, ಯಾವ ವರ್ಷದ್ದು ಎಂಬ ವಿಚಾರಣೆ ಇರಲಿಲ್ಲ. ಈ ಮಾತನ್ನು ಹಳೇ ಕಾಲದ ಹೊಗಳಿಕೆಗೆ ಹೇಳುತ್ತಿಲ್ಲ. ಆ ಸಿ.ಡಿ.ಗಳ ಜೊತೆ ಬಂದ ವೈರಸ್ಸುಗಳು, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾವಾಗಿ ಓಡುತ್ತಿದ್ದ ಹುಳುಗಳು ಎಷ್ಟು ಮನೆಯ ಫೋಟೋ, ಲೆಕ್ಕ ತಿಂದವೋ. ಕದ್ದ ವಿಂಡೋಸ್‌ಗೆ ಅಪ್‌ಡೇಟ್ ಹಾಕಲು ಜನ ಹೆದರುತ್ತಿದ್ದರು.

ಕದಿಯದೇ ಬರುವ ದಾರಿಯೂ ಒಂದಿತ್ತು. 2005ರಿಂದ 2011ರವರೆಗೆ ಉಬುಂಟು ಎಂಬ ಲಿನಕ್ಸ್‌ನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿ.ಡಿ. ಕಳಿಸುತ್ತಿದ್ದರು. ನನಗೂ ಬಂತು. ಪೋಸ್ಟಿನವರು ‘ಏನಪ್ಪಾ ಇದು, ಫಾರಿನ್ನಿಂದ’ ಎಂದು ತಿರುಗಿಸಿ ಮುರುಗಿಸಿ ನೋಡಿ ಕೊಟ್ಟರು. ಇನ್‌ಸ್ಟಾಲ್ ಮಾಡದೆ ಸಿ.ಡಿ.ಯಿಂದಲೇ ಓಡಿಸಿ ನೋಡಬಹುದಾದ ವ್ಯವಸ್ಥೆ ನಾನು ಕಂಡದ್ದು ಅದೇ ಮೊದಲು. ಆದರೆ ಆಗಿನ ಅಗ್ಗದ ಡಯಲ್‌ಅಪ್ ಮೋಡೆಮ್‌ಗಳು ಅರ್ಧ ಕೆಲಸವನ್ನು ವಿಂಡೋಸ್‌ಗೆಂದೇ ಬರೆದ ಡ್ರೈವರ್‌ಗೆ ಹೊರಿಸುತ್ತಿದ್ದವು, ಲಿನಕ್ಸ್‌ನಲ್ಲಿ ಅವು ಬರೀ ಕಾರ್ಡು. ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಮೋಡೆಮ್ ಬೇಕು, ಮೋಡೆಮ್‌ಗೆ ಡ್ರೈವರ್ ಬೇಕು. ಜೊತೆಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್‌ನ ತಂತ್ರಾಂಶ. ಸಂಘದ ನಡಾವಳಿ, ತಹಶೀಲ್ದಾರರಿಗೆ ಅರ್ಜಿ, ಆನೆ ತುಳಿದ ಗದ್ದೆಗೆ ಪರಿಹಾರದ ಮನವಿ ಎಲ್ಲಾ ನುಡಿಯಲ್ಲೇ ಟೈಪಾಗುತ್ತಿದ್ದ ಕಾಲ. ಆ ಸಿ.ಡಿ. ನನ್ನ ಖಾಸಗಿ ಖುಷಿಯಾಗಿ ಉಳಿಯಿತು, ಅಷ್ಟೆ.

ನಿಜವಾದ ಸಾಹಸ ನಡೆದದ್ದು ಸಕಲೇಶಪುರದಲ್ಲಿ. ಮದುವೆ ವಿಡಿಯೋ ಮಾಡುವ ಗೆಳೆಯನೊಬ್ಬನಿಗೆ ಆ್ಯಪಲ್‌ನ ಫೈನಲ್ ಕಟ್ ಎಂಬ ಎಡಿಟಿಂಗ್ ತಂತ್ರಾಂಶದ ಹುಚ್ಚು. ಮ್ಯಾಕ್ ಕೊಳ್ಳುವ ದುಡ್ಡಿನಲ್ಲಿ ಆತ ಇನ್ನೊಂದು ಕ್ಯಾಮೆರಾ, ಲೈಟು ಎಲ್ಲಾ ಕೊಳ್ಳಬಹುದಿತ್ತು. 2006ರಲ್ಲಿ ಆ್ಯಪಲ್ ತನ್ನ ಯಂತ್ರಗಳನ್ನು ಇಂಟೆಲ್ ಚಿಪ್ಪಿಗೆ ಬದಲಿಸಿದ ಮೇಲೆ ಮ್ಯಾಕ್‌ನ ಹೊಟ್ಟೆಯಲ್ಲಿರುವುದೂ ನಮ್ಮ ಡಬ್ಬದಲ್ಲಿರುವುದೂ ಹೆಚ್ಚುಕಡಿಮೆ ಒಂದೇ ಸರಕಾಯಿತು. ಹಾಗೆ ಹುಟ್ಟಿದ್ದು ಹ್ಯಾಕಿಂಟಾಷ್, ಅಂದರೆ ಮ್ಯಾಕ್‌ನ ವ್ಯವಸ್ಥೆ ಓಡಿಸುವ ನಮ್ಮ ಡಬ್ಬ. ಆ ವ್ಯವಸ್ಥೆಯನ್ನು ತನ್ನ ಬ್ರ್ಯಾಂಡಿನ ಯಂತ್ರದಲ್ಲಿ ಮಾತ್ರ ಹಾಕಬೇಕೆಂಬುದು ಆ್ಯಪಲ್‌ನ ಕರಾರು. ಅಮೆರಿಕದಲ್ಲಿ ಸಿಸ್ಟಾರ್ ಎಂಬ ಕಂಪನಿ ಇಂಥ ಯಂತ್ರ ಮಾರಲು ಹೋಗಿ 2009ರಲ್ಲಿ ಕೋರ್ಟಿನಲ್ಲಿ ಸೋತಿತು. ಅಸಲಿ ಮ್ಯಾಕ್‌ನ ಒಂದು ಚಿಪ್ಪಿನೊಳಗೆ ‘ದಯವಿಟ್ಟು ಕದಿಯಬೇಡಿ’ ಎಂಬರ್ಥದ ಸಾಲೊಂದನ್ನು ಅಡಗಿಸಿಟ್ಟಿದ್ದರು. ಅದು ಸಿಗದಿದ್ದರೆ ಬೀಗ ಹಾಕಿದ ಭಾಗಗಳು ತೆರೆಯುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ನಾವು ಸೇರಿಸುತ್ತಿದ್ದ ಪುಟ್ಟ ಫೈಲೊಂದರ ಕೆಲಸವೇ ಆ ಚಿಪ್ಪಿನ ವೇಷ ಹಾಕಿ ಆ ಸಾಲನ್ನು ಒಪ್ಪಿಸುವುದು! ಇಷ್ಟು ವಿನಯದ ಬೀಗವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ತೆರೆಯ ಮೇಲೆ ಸೇಬು ಮೂಡಿತು. ಧ್ವನಿ ಬರಲಿಲ್ಲ. ಧ್ವನಿ ಬಂದಾಗ ನೆಟ್‌ವರ್ಕ್ ಹೋಯಿತು. ಗ್ರಾಫಿಕ್ಸ್ ಕಾರ್ಡು ಬದಲಿಸಿದ ಮೇಲೆ ಎಲ್ಲವೂ ಓಡಿತು, ಮುಂದಿನ ಅಪ್‌ಡೇಟ್ ಬರುವ ತನಕ. ಮದುವೆ ಸೀಸನ್‌ನಲ್ಲಿ ಹೆಣ್ಣಿನ ಕಡೆಯವರು ‘ಸಿ.ಡಿ. ಯಾವಾಗ ಕೊಡ್ತೀಯಪ್ಪಾ’ ಎಂದು ಬಾಗಿಲಲ್ಲಿ ನಿಂತಿರುವಾಗ ಹೀಗೆ ಪರೀಕ್ಷೆ ಬರೆಯುವ ಯಂತ್ರ ಯಾರಿಗೆ ಬೇಕು? ಗೆಳೆಯ ವಿಂಡೋಸ್‌ಗೆ ಮರಳಿದ. 2020ರಿಂದ ಆ್ಯಪಲ್ ತನ್ನದೇ ಚಿಪ್ಪು ಹಾಕುತ್ತಿದೆ. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ತಾನೇ ಹೇಳಿಬಿಟ್ಟಿದೆ. ಆ ಆಟ ಮುಗಿದಂತೆಯೇ.

ಈಗ ವಿಂಡೋಸ್‌ನ ಐ.ಎಸ್.ಒ. ಫೈಲನ್ನು ಮೈಕ್ರೋಸಾಫ್ಟ್ ತಾನೇ ಕೊಡುತ್ತದೆ. ಹಳೇ ಲ್ಯಾಪ್‌ಟಾಪಿನ ಬಯೋಸಿನೊಳಗೆ ಅಸಲಿ ಕೀ ಕೂತಿರುತ್ತದೆ. ಮಾರ್ಕರ್‌ನಲ್ಲಿ ಗೀಚುವ ಕಾಲ ಹೋಯಿತು. ಅನುಮಾನವೆಲ್ಲ ಈಗ ಯಂತ್ರದ ಮೇಲೆ. 2021ರ ವಿಂಡೋಸ್ 11 ಟಿ.ಪಿ.ಎಂ. 2.0 ಕೇಳಿತು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಮೇಲೆ ಎಂದಿತು; ಏಳನೆಯದಕ್ಕೆ ಬೆರಳೆಣಿಕೆಯ ವಿನಾಯಿತಿ. ನಮ್ಮ ಕಡೆ ಈಗ ಬರುತ್ತಿರುವುದು ಹೆಚ್ಚಾಗಿ ಆ ಆರು, ಏಳನೆಯ ತಲೆಮಾರಿನವೇ, ಐ.ಟಿ. ಕಂಪನಿಗಳು ಹೊರಹಾಕಿದ ಗಟ್ಟಿಮುಟ್ಟು ಲ್ಯಾಪ್‌ಟಾಪುಗಳು. ಕೀಲಿಗಳನ್ನು ಪ್ರತ್ಯೇಕ ಚಿಪ್ಪಿನಲ್ಲಿಡುವ ಟಿ.ಪಿ.ಎಂ.ಗೆ ಅರ್ಥವಿದೆ, ಒಪ್ಪುತ್ತೇನೆ. ಆದರೆ ಇವುಗಳಲ್ಲಿ ಎಷ್ಟೋ ಯಂತ್ರದಲ್ಲಿ ಆ ಚಿಪ್ಪೂ ಇದೆ, 8 ಜಿ.ಬಿ. ರ‍್ಯಾಮೂ ಇದೆ. ಇಲ್ಲದ್ದು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಹೆಸರು.

ಅದಕ್ಕೂ ಪೆನ್‌ಡ್ರೈವ್ ದಾರಿ ಇದ್ದೇ ಇದೆ. ರೂಫಸ್ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಸಿದ್ಧ ಮಾಡುವಾಗ ಒಂದು ಟಿಕ್ ಹಾಕಿದರೆ ಆ ತಪಾಸಣೆ ಮಾಯ. ಯೂಟ್ಯೂಬ್ ನೋಡಿದ ಪಿ.ಯು.ಸಿ. ಹುಡುಗರೂ ಮಾಡುತ್ತಾರೆ. ಆದರೆ ಕೋರ್ 2 ಡ್ಯುಯೊ ಕಾಲದವನ್ನು ತರಬೇಡಿ ಎನ್ನುತ್ತೇನೆ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಕೆಲವು ಸೂಚನೆಗಳೇ ಆ ಪ್ರೊಸೆಸರ್‌ಗೆ ಬರುವುದಿಲ್ಲ, ಟಿಕ್ ಹಾಕಿ ಹೊಸ ಸೂಚನೆ ಕಲಿಸಲಾಗದು. ಬೈಪಾಸ್ ಮಾಡಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಕಂಪನಿ ಕೊಡುವುದಿಲ್ಲ. ಹಾಗಾಗಿ ಬ್ಯಾಂಕಿನ ವ್ಯವಹಾರ ಮಾಡುವವರಿಗೆ ನಾನು ಅದನ್ನು ಹಾಕಿಕೊಡುವುದಿಲ್ಲ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗಲೂ ಯಾರಾದರೂ ಬ್ಯಾಗು ಹಿಡಿದು ಬಂದು ‘ಅಣ್ಣ, ಹನ್ನೊಂದು ಹಾಕ್ಕೊಡಿ’ ಎಂದರೆ ನಾನು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಎಂದಲ್ಲ, ‘ಹಳೇ ನುಡಿ ಫೈಲು ಎಷ್ಟಿವೆ’ ಎಂದು. ಸಂಘದ ಇಪ್ಪತ್ತು ವರ್ಷದ ನಡಾವಳಿ ಇದ್ದವರಿಗೆ ವಿಂಡೋಸ್ 10 ಅನ್ನೇ ಉಳಿಸಿ, ಇಂಟರ್ನೆಟ್ ತಂತಿ ಕಳಚಿಡಿ ಎನ್ನುತ್ತೇನೆ. ಓದುವ ಮಕ್ಕಳಿದ್ದ ಮನೆಗೆ ಲಿನಕ್ಸ್ ಮಿಂಟ್. ಯೂನಿಕೋಡ್ ಕನ್ನಡ ಅದರಲ್ಲಿ ಸಲೀಸಾಗಿ ಬರುತ್ತದೆ, ವೈಫೈ ಸಾಮಾನ್ಯವಾಗಿ ತಾನೇ ಹಿಡಿಯುತ್ತದೆ. ಮಕ್ಕಳು ಎರಡು ದಿನ ಗೊಣಗುತ್ತಾರೆ, ಆಮೇಲೆ ಬ್ರೌಸರ್ ತೆರೆದು ಕೂರುತ್ತಾರೆ.