ಭೀಮಾ ದಂಡೆಯ ಮೊಳಕಾಲುಗಳು

ಊರು ನೋಡಲು ಹೋದವರು ಗುಡಿ ನೋಡುತ್ತಾರೆ, ಕೋಟೆ ನೋಡುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ ಬಂದ ನಾನು ನೋಡಿದ್ದು ಮೊಳಕಾಲುಗಳನ್ನು. ಜೊತೆಗಿದ್ದ ಗೆಳೆಯ ಮೂಳೆ ಡಾಕ್ಟರು. ಹರಿದ ಮೆನಿಸ್ಕಸ್ ಹೊಲಿಯುವುದು ಕಲಬುರಗಿಯಲ್ಲಿ ಅವನ ಕಸುಬು. ರಜೆಯ ಮೇಲಿದ್ದರೂ ಅವನ ಕಣ್ಣಿಗೆ ರಜೆಯಿಲ್ಲ. ಕಡಗಂಚಿ ದಾಟುವಾಗ ನಾನು ಕೇಂದ್ರೀಯ ವಿಶ್ವವಿದ್ಯಾಲಯದ ಕಟ್ಟಡಗಳನ್ನು ತೋರಿಸಿದರೆ, ಅವನು ರಸ್ತೆ ಬದಿ ಬೀಡಿ ಸೇದುತ್ತ ಕುಕ್ಕರಗಾಲಲ್ಲಿ ಕೂತ ಮುದುಕನನ್ನು ತೋರಿಸಿದ. "ಎಪ್ಪತ್ತರ ಮ್ಯಾಲ ವಯಸ್ಸದ. ಹಿಮ್ಮಡಕ್ಕ ಕುಂಡಿ ತಾಗ್ಯದ ನೋಡು. ಒಳಗ ಗಾದಿ ಇನ್ನೂ ಗಟ್ಟಿ ಅದ."

ಗಾದಿ ಅಂದರೆ ಮೆನಿಸ್ಕಸ್. ತೊಡೆಯ ಮೂಳೆಗೂ ಕಾಲಿನ ಮೂಳೆಗೂ ನಡುವೆ, ಒಳಬದಿಗೊಂದು ಹೊರಬದಿಗೊಂದು, ಅರ್ಧಚಂದ್ರಾಕಾರದ ಎರಡು ಮೆದುಮೂಳೆ ತುಂಡುಗಳು. ಕಾಲು ನೆಟ್ಟಗಿರುವಾಗ ಕೀಲಿಗೆ ಬೀಳುವ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇವೇ ಹೊರುತ್ತವೆ. 90 ಡಿಗ್ರಿ ಮಡಚಿದರೆ ಶೇ. 85ರಷ್ಟು. ಇವು ಒಂದೆಡೆ ಅಂಟಿಕೊಂಡು ಕೂತವಲ್ಲ, ಮೊಳಕಾಲು ಮಡಚಿದಂತೆ ಹಿಂದಕ್ಕೆ ಸರಿಯುತ್ತವೆ. ಹೊರಗಿನದು ಸುಮಾರು 11 ಮಿಲಿಮೀಟರ್, ಒಳಗಿನದು ಬರೀ 5. ಒಳಗಿನದು ಕೀಲಿನ ಚೀಲಕ್ಕೆ ಬಿಗಿಯಾಗಿ ಹೊಂದಿಕೊಂಡಿದೆ, ತಪ್ಪಿಸಿಕೊಳ್ಳಲು ಅದಕ್ಕೆ ಜಾಗ ಕಡಿಮೆ. ಹಾಗಾಗಿ ಹೆಚ್ಚು ಹರಿಯುವುದೂ ಅದೇ.

ಇದನ್ನು ಕೇಳಿಕೊಂಡು ಆಳಂದದ ಲಾಡ್ಲೆ ಮಶಾಕ್ ದರ್ಗಾದ ಅಂಗಳಕ್ಕೆ ಕಾಲಿಟ್ಟೆ. ನಮಾಜಿಗೆ ಕೂತವರ ಕಾಲುಗಳು ಪೂರ್ತಿ ಮಡಚಿದ್ದವು. ಸಂತ ರಾಘವ ಚೈತನ್ಯರ ಸಮಾಧಿ ಇರುವುದೂ ಇದೇ ಆವರಣದಲ್ಲಿ. ನಮಾಜಿಗಾದರೂ ಸಾಷ್ಟಾಂಗಕ್ಕಾದರೂ ಮೊದಲು ಬಾಗಬೇಕಾದದ್ದು ಮೊಳಕಾಲು, ಅದರೊಳಗೆ ಹಿಂದಕ್ಕೆ ಸರಿಯಬೇಕಾದದ್ದು ಆ ಒಂದು ಸಣ್ಣ ತುಂಡು. ಯಾವ ಸಾಲಿನಲ್ಲಿ ಯಾರು ಕೂತರೂ ಅದು ಸರಿಯುವುದು ಅಷ್ಟೇ ಮಿಲಿಮೀಟರ್. ನನಗೆ ಯಾಕೋ ನಗು ಬಂತು, ಮೈ ಜುಮ್ಮೆಂದಿತು ಕೂಡ.

ಅಫಜಲಪುರ ತಾಲ್ಲೂಕಿನ ಗಾಣಗಾಪುರ ಮುಟ್ಟುವಾಗ ನಡುಮಧ್ಯಾಹ್ನ, ಮಧುಕರಿಯ ಹೊತ್ತು. ದತ್ತಾತ್ರೇಯನೇ ಆ ವೇಳೆಗೆ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಕಾರಿನಲ್ಲಿ ಬಂದ ಸಾಹುಕಾರರೂ ಜೋಳಿಗೆ ಹಿಡಿದು ಮನೆ ಮನೆ ಮುಂದೆ ನಿಂತಿದ್ದರು. ಭೀಮಾ-ಅಮರ್ಜಾ ಸಂಗಮದಲ್ಲಿ, ಔದುಂಬರದ ನೆರಳಲ್ಲಿ, ಗುರುಚರಿತ್ರೆ ಪಾರಾಯಣಕ್ಕೆ ಕೂತವರ ಸಾಲು. ಮಹಾರಾಷ್ಟ್ರದಿಂದ ಬಂದವರೇ ಬಹಳ. ತಾಸುಗಟ್ಟಲೆ ಪದ್ಮಾಸನ, ಎದ್ದರೆ ಪ್ರದಕ್ಷಿಣೆ. ಒಬ್ಬ ನಡುವಯಸ್ಸಿನ ಹೆಂಗಸು ಮಾತ್ರ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಓದುತ್ತಿದ್ದರು. ಮಾತಿಗೆ ಮಾತು ಬೆಳೆದು, "ಎರಡು ವರ್ಷದ ಕೆಳಗ ಕಸ ಬಳಿಯೂಮುಂದ ಕುಂತಾಕಿ ಎದ್ದೆರಿ, ಹಿಂದ ಟಕ್ ಅಂತ ಸಪ್ಪಳಾತು. ಅವತ್ತಿಂದ ನೆಲಕ್ಕ ಕೂಡಲಿಕ್ಕ ಆಗಂಗಿಲ್ಲ" ಅಂದರು.

ಗೆಳೆಯನ ಮುಖ ಗಂಭೀರವಾಯಿತು. ಆ 'ಟಕ್' ಅವನಿಗೆ ಚೆನ್ನಾಗಿ ಗೊತ್ತು. ಮೆನಿಸ್ಕಸ್ಸಿನ ಹಿಂತುದಿ ಮೂಳೆಗೆ ಬೇರು ಬಿಟ್ಟಿರುತ್ತದಲ್ಲ, ಆ ಬೇರೇ ಕಿತ್ತಾಗ ಬರುವ ಸಪ್ಪಳವದು. ನೆಲದ ಮೇಲೆ ಬದುಕುವ ಏಷ್ಯಾದ ಮಂದಿಯಲ್ಲಿ, ಅದರಲ್ಲೂ ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಕೊರಿಯಾ, ಜಪಾನಿನ ಡಾಕ್ಟರುಗಳೂ ಇದರ ಬಗ್ಗೆ ಬಹಳ ಬರೆದಿದ್ದಾರೆ. ಬೇರು ಹೋದರೆ ಉಳಿದ ಮೆನಿಸ್ಕಸ್ ಇದ್ದೂ ಇಲ್ಲದಂತೆ, ಭಾರವೆಲ್ಲ ನೇರ ಮೂಳೆಯ ಮೇಲೆ. ಬೇಗ ಸಿಕ್ಕರೆ, ಕೀಲು ಇನ್ನೂ ಸವೆದಿರದಿದ್ದರೆ, ಕಾಲಿನ ಮೂಳೆಯಲ್ಲಿ ಸಣ್ಣ ಸುರಂಗ ಕೊರೆದು, ಕಿತ್ತ ತುದಿಗೆ ದಾರ ಹಾಕಿ, ಸುರಂಗದಿಂದ ಕೆಳಗೆಳೆದು ಮುಂದೆ ಬಿಗಿಯುತ್ತಾರಂತೆ. ಹಳೆಯದಾದರೆ ಆ ಮಾತಿಲ್ಲ. ಒಮ್ಮೆ ಎಂ.ಆರ್.ಐ. ಮಾಡಿಸಿ ಎಂದಷ್ಟೇ ಹೇಳಿದ. ಅವರು ತಲೆಯಾಡಿಸಿ ಪುಟ ತಿರುವಿದರು.

ಸಂಗಮದ ಮೆಟ್ಟಿಲ ಮೇಲೆ ಅವನೊಂದು ಕತೆ ಹೇಳಿದ. ಅದು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. 1883ರ ನವೆಂಬರ್, ಸ್ಕಾಟ್ಲೆಂಡಿನ ಎಡಿನ್‌ಬರೋ. ಗಣಿಯಲ್ಲಿ ಕೂತು ಬಾಗಿ ದುಡಿಯುವ ಮೂವತ್ತರ ಹರೆಯದ ಕೂಲಿಕಾರನ ಮೊಳಕಾಲಿನಲ್ಲಿ ಮೆನಿಸ್ಕಸ್ ಕಿತ್ತು ಜಾರಿತ್ತು. ಥಾಮಸ್ ಅನ್ನಂಡೇಲ್ ಎಂಬ ಸರ್ಜನ್ ಕೀಲು ತೆರೆದು ಅದನ್ನು ಅದರ ಜಾಗಕ್ಕೆ ಹೊಲಿದ. ಆಂಟಿಬಯಾಟಿಕ್ ಇಲ್ಲ, ಎಕ್ಸ್‌ರೇ ಇನ್ನೂ ಹುಟ್ಟಿಲ್ಲ. ಆದರೂ ಹೊಲಿಗೆ ನಿಂತಿತು. ಅಲ್ಲಿಂದ ಮುಂದೆ ಲೋಕವೆಲ್ಲ ಹೊಲಿಯುತ್ತ ಹೋಗಬೇಕಿತ್ತಲ್ಲವೇ? ಆಗಿದ್ದು ಉಲ್ಟಾ. 1897ರಲ್ಲಿ ಬ್ಲಾಂಡ್-ಸಟ್ಟನ್ ಎಂಬ ದೊಡ್ಡ ಹೆಸರಿನ ವೈದ್ಯ, ಇದು ಕಾಲಿನ ಯಾವುದೋ ಸ್ನಾಯುವಿನ ಪಳೆಯುಳಿಕೆ, ಕೆಲಸಕ್ಕೆ ಬಾರದ್ದು ಎಂದುಬಿಟ್ಟ. ಹರಿದರೆ ಕತ್ತರಿಸಿ ಬಿಸಾಡುವುದೇ ರೂಢಿಯಾಯಿತು. 1948ರಲ್ಲಿ ಫೇರ್‌ಬ್ಯಾಂಕ್ ಎಂಬಾತ ಹಾಗೆ ತೆಗೆಸಿಕೊಂಡವರ ಎಕ್ಸ್‌ರೇ ನೋಡಿ, ಕೀಲು ಸವೆಯುತ್ತಿರುವ ಗುರುತು ತೋರಿಸಿದ. ಅವನ ಮಾತು ಎಲ್ಲರ ಕಿವಿಗೆ ಬೀಳಲು ಮತ್ತೆ ದಶಕಗಳೇ ಹಿಡಿದವು. ಕೂಲಿಕಾರನ ಮೊಳಕಾಲಿಗೆ ಅಷ್ಟು ಮೊದಲೇ ಸಿಕ್ಕ ಉಪಚಾರ ಆಮೇಲಿನ ಎಷ್ಟೋ ಸಿರಿವಂತರಿಗೆ ಸಿಗಲಿಲ್ಲ ಅನ್ನುವುದು ನನಗೆ ಬಹಳ ಸೇರಿತು.

ಅಫಜಲಪುರದ ಕಡೆ ಹೊರಟಾಗ ನದಿಯ ಗುಂಟ ಕಬ್ಬು, ಕಣ್ಣು ಹಾಯಿಸಿದಷ್ಟು ಹಸಿರು. ಸೊನ್ನದ ಬ್ಯಾರೇಜು ನಿಲ್ಲಿಸಿದ ನೀರು. ನದಿ ಬಿಟ್ಟು ಒಳಗೆ ಸರಿದಂತೆ ಹಸಿರು ಹರಿಯಿತು. ಬಿರುಕು ಬಿಟ್ಟ ಎರೆ, ಮಳೆ ನಂಬಿದ ತೊಗರಿ. ಮೆನಿಸ್ಕಸ್ಸಿನ ನಕ್ಷೆಯೂ ಇದೇ ಎಂದ ಗೆಳೆಯ. ಅದಕ್ಕೆ ರಕ್ತ ಬರುವುದು ಹೊರ ಅಂಚಿನಿಂದ ಮಾತ್ರ. ಒಳಮಗ್ಗುಲಿನ ಮೆನಿಸ್ಕಸ್ಸಿನಲ್ಲಿ ಅಗಲದ ಶೇ. 10ರಿಂದ 30ರಷ್ಟು ಭಾಗಕ್ಕಷ್ಟೇ ರಕ್ತನಾಳ ಮುಟ್ಟುತ್ತದೆ. ಮಿಕ್ಕಿದ್ದೆಲ್ಲ ಖುಷ್ಕಿ. 1982ರಲ್ಲಿ ಆರ್ನೋಕ್ಜಿ ಮತ್ತು ವಾರೆನ್ ಎಂಬಿಬ್ಬರು ಈ ರಕ್ತದ ದಾರಿ ಗುರುತಿಸಿದರು. ಹರಿದದ್ದು ಅಂಚಿನಲ್ಲಾದರೆ ಹೊಲಿದರೆ ಕೂಡುತ್ತದೆ. ನಡುವಿನ ಬರಡಿನಲ್ಲಾದರೆ ಕೂಡುವುದು ಕಷ್ಟ. ಇನ್ನೂ ಬೆರಗಾಗಿಸಿದ್ದು ಬೇರೆ: ಹುಟ್ಟಿದ ಕೂಸಿನ ಮೆನಿಸ್ಕಸ್ಸಿಗೆ ಪೂರ್ತಿ ರಕ್ತ ಹರಿಯುತ್ತದಂತೆ. ಮಗು ಎದ್ದು ನಿಂತು, ನಡೆದು, ಓಡಾಡಿ ಹತ್ತು ವರ್ಷದ ಹೊತ್ತಿಗೆ ಅದು ಅಂಚಿಗೆ ಸರಿದುಬಿಟ್ಟಿರುತ್ತದೆ.

ಘತ್ತರಗಿ ಭಾಗ್ಯವಂತಿಯ ಗುಡಿಗೆ ಹೋಗಿ ಬಂದೆವು. ದೀಡ ನಮಸ್ಕಾರ ಹಾಕುವವರು ಬಿದ್ದು ಎದ್ದು, ಬಿದ್ದು ಎದ್ದು ಸಾಗುತ್ತಿದ್ದರು. ಅಲ್ಲಿಂದ ಭೀಮೆಯ ಆಚೆ, ಜೇವರ್ಗಿ ಸೀಮೆ. ಹೊಲದಲ್ಲಿ ತೊಗರಿ ಕೊಯ್ಲು. ಗೆಳೆಯನ ಗುರುತಿನ ಮುದುಕಿಯೊಬ್ಬಳು ಕುಡುಗೋಲು ಬದಿಗಿಟ್ಟು ಮೊಳಕಾಲು ಮುಂದೆ ಚಾಚಿದಳು: "ಇದಕ್ಕ ಆಪರೇಶನ್ ಮಾಡ್ತಿಯೇನಪಾ?" ಮಾಡಲ್ಲ ಅಂದ. ವಯಸ್ಸಿನಿಂದ ಸವೆದು ಎಳೆ ಎದ್ದ ಮೆನಿಸ್ಕಸ್ಸಿಗೆ ಕತ್ತರಿಯೂ ಸೂಜಿಯೂ ಬಹುಪಾಲು ದಂಡ. 2013ರಲ್ಲಿ ಫಿನ್ಲೆಂಡಿನ ವೈದ್ಯರು ಇಂಥ 146 ಜನರಲ್ಲಿ ಕೆಲವರಿಗೆ ನಿಜವಾದ ಆಪರೇಶನ್ ಮಾಡಿದರು, ಕೆಲವರಿಗೆ ಮಾಡಿದಂತೆ ನಟಿಸಿದರು; ವರ್ಷದ ಕೊನೆಗೆ ಎರಡೂ ಗುಂಪಿನವರ ಆರಾಮ ಒಂದೇ ಆಗಿತ್ತು. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಎರಡನ್ನು ಬದುವಿನ ಮೇಲೆ ಕೂರಿಸಿ ಕಲಿಸಿದ. ಮುದುಕಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. "ಸೂಜಿನರ ಚುಚ್ಚು" ಅಂದಳು.

ಕಟ್ಟಿಸಂಗಾವಿ ಸೇತುವೆ ದಾಟಿ ಕಲಬುರಗಿಗೆ ಮರಳಿದ ಮೇಲೆ, ಒಪ್ಪಿಗೆ ಪಡೆದು, ಹಸಿರು ಗೌನು ತೊಟ್ಟು ಥಿಯೇಟರಿನ ಮೂಲೆಯಲ್ಲಿ ನಿಂತೆ. ಮೇಜಿನ ಮೇಲೆ ಜೇವರ್ಗಿ ಕಡೆಯ ಕಬಡ್ಡಿ ಹುಡುಗ. ಪಾದ ನೆಲಕ್ಕೂರಿ ಮೈ ತಿರುಗಿಸಿದವನ ಮೊಳಕಾಲು ಅರ್ಧ ಮಡಚಿದಲ್ಲೇ ಸಿಕ್ಕಿಬಿದ್ದಿತ್ತು. ಚಿಪ್ಪಿನ ಕೆಳಗೆ, ಸ್ನಾಯುರಜ್ಜುವಿನ ಎಡಬಲಕ್ಕೆ ಎರಡು ಸಣ್ಣ ತೂತು. ಒಂದರಲ್ಲಿ 4 ಮಿಲಿಮೀಟರ್ ದಪ್ಪದ ಕ್ಯಾಮೆರಾ. ಸಲೈನ್ ಹರಿದು ಕೀಲು ಉಬ್ಬಿತು, ಪರದೆಯ ಮೇಲೆ ಬೆಳಕಾಯಿತು.

ನಿಜವಾದ ಪ್ರವಾಸ ಶುರುವಾದದ್ದು ಆಗ. ಮೇಲೆ ತೊಡೆಮೂಳೆಯ ಗುಂಡು, ಬೆಳ್ಳಗೆ, ಒಂದು ಕಲೆಯಿಲ್ಲದೆ. ನೀರಿನಲ್ಲಿ ತೇಲಾಡುವ ಗುಲಾಬಿ ಎಳೆಗಳು. ಮೆನಿಸ್ಕಸ್ ಇರಬೇಕಾದಲ್ಲಿ ಬರೀ ಅಂಚು; ಉಳಿದದ್ದು ಉದ್ದಕ್ಕೆ ಸೀಳಿ ಕೀಲಿನ ನಡುವಿಗೆ ಮಗುಚಿಕೊಂಡಿತ್ತು. ಕಾಲು ಸಿಕ್ಕಿಬಿದ್ದದ್ದು ಅದಕ್ಕೇ. ಗೆಳೆಯ ಸಣ್ಣ ಕೊಕ್ಕೆಯಿಂದ ಒತ್ತಿದ, ಅದು ತನ್ನ ಜಾಗಕ್ಕೆ ಜಾರಿ ಕೂತಿತು. ಸೀಳಿನ ಎರಡೂ ಮಗ್ಗುಲನ್ನು ರಕ್ತ ಜಿನುಗುವ ತನಕ ಕೆರೆದ. ಆಮೇಲೆ ಉದ್ದನೆಯ ಬಾಗುವ ಸೂಜಿಗಳು, ಒಳಗಿನಿಂದ ಹೊರಕ್ಕೆ. ಮೊಳಕಾಲಿನ ಒಳಮಗ್ಗುಲ ಹಿಂದೆ ಚರ್ಮ ಕೊಯ್ದು, ಚಮಚೆಯಾಕಾರದ ತಗಡು ಅಡ್ಡ ಹಿಡಿದು, ಸಹಾಯಕ ಬಂದ ಬಂದ ಸೂಜಿಯನ್ನು ಹಿಡಿದುಕೊಳ್ಳುತ್ತಿದ್ದ. ದಾರಿ ತಪ್ಪಿದ ಸೂಜಿ ಅಲ್ಲಿನ ಸಫೀನಸ್ ನರಕ್ಕೋ ಹಿಂದಿನ ರಕ್ತನಾಳಕ್ಕೋ ತಾಗಬಾರದಲ್ಲ. ಮೇಲೊಂದು ಕೆಳಗೊಂದು ನಿಲುವಿನ ಹೊಲಿಗೆ. ಕೊನೆಗೆ ನಡುವಿನ ಮೂಳೆಗೆ ಸಣ್ಣ ತೂತು ಮಾಡಿದ. ಮಜ್ಜೆಯ ರಕ್ತ ಹೊಗೆಯಂತೆ ಎದ್ದು ಪರದೆ ಕೆಂಪಾಯಿತು. ಹೊಲಿಗೆ ಕೂಡಲು ಆ ರಕ್ತ ನೆರವಾಗುತ್ತದೆಂದು ಆಮೇಲೆ ಹೇಳಿದ. ಕೀಲಿನೊಳಗೆ ಹೀಗೆ ಇಣುಕುವುದಕ್ಕೂ ಒಂದು ಹಳೆಯ ಕತೆಯಿದೆ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ನಳಿಕೆಯನ್ನು ಶವದ ಮೊಳಕಾಲಿನೊಳಗೆ ಇಳಿಸಿದ್ದ. 1969ರಲ್ಲಿ ಅದೇ ಊರಿನ ಇಕೆಯುಚಿ ಇಂಥ ನಳಿಕೆಯ ಮೂಲಕವೇ ಮೆನಿಸ್ಕಸ್ ಹೊಲಿದ. ಅವರು ಕಂಡ ಮಬ್ಬು ಲೋಕ ನನಗೆ ಗೋಡೆಯಷ್ಟು ದೊಡ್ಡದಾಗಿ, ನಿಚ್ಚಳವಾಗಿ ಕಂಡಿತ್ತು.

ಹುಡುಗನ ಅಪ್ಪ ಹೊರಗೆ ಕಾಯುತ್ತಿದ್ದ. ಕೆಲವು ವಾರ ಬ್ರೇಸ್, ಅಷ್ಟು ದಿನ 90 ಡಿಗ್ರಿ ಮೀರಿ ಮಡಚುವಂತಿಲ್ಲ, ಸುಮಾರು ನಾಲ್ಕು ತಿಂಗಳು ಕುಕ್ಕರಗಾಲು ಬಂದ್, ಕಬಡ್ಡಿ ಆರು ತಿಂಗಳಾದ ಮೇಲೆ ನೋಡೋಣ. ಅಪ್ಪ ಎಲ್ಲದಕ್ಕೂ ಹೂಂಗುಟ್ಟಿದ. "ಮತ್ತ ಬೆಳಿಗ್ಗಿ ಹೊರಕಡಿಗಿ ಹ್ಯಾಂಗ್ರಿ ಸಾಹೇಬ್ರ? ನಮ್ಮ ಮನ್ಯಾಗ ನೆಲದ ಮ್ಯಾಲಿನ ಸಂಡಾಸ ಅದರಿ" ಅಂದ. ತೂತಿನ ಕುರ್ಚಿ ಸಿಗುತ್ತದೆ, ಸೂಪರ್ ಮಾರ್ಕೆಟ್ ಕಡೆ ವಿಚಾರಿಸು ಎಂದು ಫಿಜಿಯೋಥೆರಪಿಯ ಹುಡುಗಿ ಹೇಳಿದಳು. ಡಿಸ್ಚಾರ್ಜ್ ದಿನ ನಾನೂ ಬಸ್ ನಿಲ್ದಾಣದಲ್ಲಿದ್ದೆ. ಹುಡುಗ ಕಾಲು ಚಾಚಿ ಮೂರು ಜನರ ಸೀಟು ಹಿಡಿದಿದ್ದ. ಅಪ್ಪ ಕುರ್ಚಿಯನ್ನು ಎದೆಗವಚಿಕೊಂಡು, ಅದಕ್ಕೆ ಲಗೇಜ್ ಟಿಕೆಟ್ ಯಾಕೆ ಬೇಕೆಂದು ಕಂಡಕ್ಟರನ ಜೊತೆ ವಾದಕ್ಕಿಳಿದಿದ್ದ.